ತೊಟ್ಟಿಯಲ್ಲಿ ಮೂರೇ ಹತ್ತಿಕಡ್ಡಿ

ಪ್ರಯೋಗಾಲಯದ ಗಾಜನ್ನೆಲ್ಲ ತೊಳೆಯುವವಳನ್ನು ಅಲ್ಲಿ ಬಾಟಲಿ ಅಕ್ಕ ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷದ ಚಾಕರಿ. ದೊಡ್ಡ ಸಾಹೇಬರಿಗೆ ಅವಳ ಮುಖ ಇನ್ನೂ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಗೋಡೆಯ ಮೊಳೆಗೆ ತಗುಲಿಹಾಕುವ ಹಾಗೆ ಅವಳ ಕೈಗೆ ಕೋಟು ತಗುಲಿಸಿ ಒಳಗೆ ಹೋಗುತ್ತಿದ್ದರು.

ಅಕ್ಕನ ತಮ್ಮ ಬಸ್ ಡ್ರೈವರ್. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಅಂತ ಕತ್ತರಿಸಿ, ಮಲ ಬೀಳಲು ಹೊಟ್ಟೆಗೊಂದು ಚೀಲ ಅಂಟಿಸಿ ಕಳಿಸಿದ್ದರು. "ಹಿಂದಿನ ಬಾಗಿಲು ಬಂದ್ ಕಣಕ್ಕ, ಈಗ ಎಲ್ಲಾ ಮುಂದಿನ ಬಾಗಿಲಿಂದಾನೇ ಇಳಿಸ್ತೀನಿ" ಎಂದು ನಗುತ್ತಿದ್ದ. ಲಿವರಿನಲ್ಲಿ ಎರಡು ಚುಕ್ಕೆ ಕಂಡ ಮೇಲೆ ಆ ನಗು ನಿಂತಿತ್ತು.

"ಕರುಳಲ್ಲಿ ಬಿದ್ದಿದ್ದಕ್ಕೆ ಲಿವರಿನ ದಾರಿ ತೋರಿಸಿದ ಪುಣ್ಯಾತ್ಮ ಯಾರೇ?" ಎಂದು ಅಕ್ಕ ಕೇಳಿದ್ದು ಕನ್ನಡಕದ ಹುಡುಗಿಯನ್ನು. ನಾಲ್ಕು ವರ್ಷದಿಂದ ಅದೇ ಪ್ರಶ್ನೆಯ ಬೆನ್ನು ಹತ್ತಿದ ಸಂಶೋಧಕಿ ಅವಳು.

"ಲಿವರೇ ಕರೆಯೋದು ಅಕ್ಕ. ಕೀಮೋಕೈನ್ ಅಂತ ಒಂದನ್ನ ಬಿಡುತ್ತೆ. ಕ್ಯಾನ್ಸರ್ ಕಣದ ಮೈಮೇಲೆ ಅದನ್ನ ಹಿಡಿಯೋ ಮೂಗಿದೆ ಅಂದ್ಕೋ. ವಾಸನೆ ಹಿಡ್ಕೊಂಡು ಹೊರಟುಬಿಡುತ್ತೆ."

"ಥೂ, ಅಡಿಗೆ ವಾಸನೆಗೆ ಬಂದು ವಕ್ಕರಿಸೋ ನಮ್ಮ ಭಾವನ ಹಾಗೆ!"

"ಹಾಗೇ. ಆ ಮೂಗು ಮುಚ್ಚೋ ಮದ್ದು ಹುಡುಕ್ತಿದೀನಿ."

ಪರೀಕ್ಷೆ ಹೀಗೆ: ಜರಡಿಯಂಥ ತಳದ ಆರು ಪುಟ್ಟ ಬಟ್ಟಲು. ಮೇಲೆ ಕ್ಯಾನ್ಸರ್ ಕಣ, ಕೆಳಗೆ ಕೀಮೋಕೈನ್. ಮೂರಕ್ಕೆ ಮದ್ದು, ಮೂರಕ್ಕೆ ಇಲ್ಲ. ಮರುದಿನ ನೇರಳೆ ಬಣ್ಣ ಹಾಕಿ, ಇಳಿಯದೆ ಮೇಲೇ ಕೂತ ಕಣಗಳನ್ನು ಹತ್ತಿಕಡ್ಡಿಯಿಂದ ಒರೆಸಿ, ಅಡಿಗೆ ಇಳಿದವನ್ನು ಎಣಿಸುವುದು.

ಆ ದಿನ ಸಾಹೇಬರು ಬಟ್ಟಲುಗಳ ಫೋಟೋ ನೋಡಿದರು. ಆರೂ ಬಟ್ಟಲು ಕಡು ನೇರಳೆ. "ಮದ್ದು ಕೆಲಸ ಮಾಡಲ್ಲ. ಎಲ್ಲಾ ಎಸೀರಿ" ಅಂದುಬಿಟ್ಟರು. ಬಟ್ಟಲು, ಮದ್ದಿನ ಸೀಸೆ ಎರಡೂ ಅಕ್ಕನ ಟಬ್ಬಿಗೆ ಬಂದವು.

ಅಕ್ಕ ಟಬ್ಬು ನೋಡಿದಳು. ಎಸೆಯಬೇಕಾದ್ದು ತಮ್ಮನ ಕ್ಯಾನ್ಸರಿನ ಮೂಗು ಮುಚ್ಚಬಹುದಾಗಿದ್ದ ಮದ್ದು. ಸಿಟ್ಟಿಗೆ ಕಸದ ತೊಟ್ಟಿಯನ್ನು ರಪ್ಪನೆ ಎತ್ತಿ, ಒಳಗೆ ನೋಡಿದವಳು ಹಾಗೇ ನಿಂತಳು. ಜನ ಪೇಪರು ಓದುವ ಹಾಗೆ ಅವಳು ತೊಟ್ಟಿ ಓದುತ್ತಿದ್ದಳು.

"ಏ ಕನ್ನಡಕ, ಎಷ್ಟು ಬಟ್ಟಲು ಒರೆಸಿದೆ?"

"ಆರು. ಬಟ್ಟಲಿಗೊಂದು ಕಡ್ಡಿ."

"ಬೆಳಿಗ್ಗೆ ನಾನೇ ಖಾಲಿ ಮಾಡಿಟ್ಟ ತೊಟ್ಟಿ ಇದು. ನೇರಳೆ ಕಡ್ಡಿ ಮೂರೇ ಇದೆ."

ಹುಡುಗಿ ತೊಟ್ಟಿಗೆ ಬಗ್ಗಿ ನೋಡಿದಳು. "ಮದ್ದಿಲ್ಲದ ಮೂರನ್ನಷ್ಟೇ ಒರೆಸಿದ್ದೆ. ಮಧ್ಯದಲ್ಲಿ ಸರ್ ಕರೆದ್ರು, ಅವರ ಭಾಷಣಕ್ಕೆ ಚಿತ್ರ ಅಂಟಿಸೋಕೆ. ವಾಪಸ್ ಬಂದು ಸೀದಾ ಫೋಟೋ ತೆಗೆದೆ."

"ಯಾರು ಈಕೆ?" ಎಂದರು ಮಾತು ಕೇಳಿ ಬಂದ ಸಾಹೇಬರು.

"ನಿಮ್ಮ ಕೋಟಿನ ಮೊಳೆ" ಎಂದಳು ಅಕ್ಕ.

ಮದ್ದಿನ ಬಟ್ಟಲುಗಳು ಇನ್ನೂ ಒದ್ದೆಯಿದ್ದವು. ಹುಡುಗಿ ಒಂದನ್ನು ಒರೆಸಿದಳು. ಹತ್ತಿ ನೇರಳೆಯಾಯಿತು. ಸೂಕ್ಷ್ಮದರ್ಶಕದಡಿ ನೋಡಿದರೆ ಅಡಿಗೆ ಇಳಿದದ್ದು ಅಲ್ಲೊಂದು ಇಲ್ಲೊಂದು ಕಣ, ಅಷ್ಟೇ. ಕಣಗಳು ಮೇಲೇ ಮೂಗು ಮುಚ್ಚಿಕೊಂಡು ಕೂತಿದ್ದವು!

ಸಾಹೇಬರೂ ಬಗ್ಗಿ ನೋಡಿದರು. "ಎಸೀಬೇಡಿ. ಇನ್ನೂ ಮೂರು ಸಲ ಮಾಡಿ."

"ನನ್ನ ತಮ್ಮನಿಗೆ ಯಾವಾಗ ಸಿಗುತ್ತೆ?"

"ಬಟ್ಟಲಲ್ಲಿ ಆಗಿದ್ದು ಮನುಷ್ಯರಲ್ಲೂ ಆಗುತ್ತೆ ಅಂತಿಲ್ಲ. ಆಗೋದಾದ್ರೂ ಹತ್ತು ವರ್ಷ ಬೇಕು" ಎಂದರು ಸಾಹೇಬರು.

ಸಂಜೆ ಅಕ್ಕ ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡೇ ತಮ್ಮನಿಗೆ ವರದಿ ಒಪ್ಪಿಸಿದಳು. ಅವನು ಚೀಲ ಸರಿಮಾಡಿಕೊಂಡ. "ಹತ್ತು ವರ್ಷ ಲೇಟಾ? ನನ್ನ ಬಸ್ಸಿಗೂ ಯಾರೂ ಇಷ್ಟು ಕಾದಿಲ್ಲ." ಎಷ್ಟೋ ದಿನದ ಮೇಲೆ ನಕ್ಕಿದ್ದ. ಆಮೇಲೆ ಮೆಲ್ಲಗೆ ಹೇಳಿದ: "ಬುಧವಾರ ಲಿವರಿನ ಚುಕ್ಕೆ ಕತ್ತರಿಸ್ತಾರಂತೆ. ನನ್ನ ಚಿಂತೆ ಬಿಡು. ನೀನು ಆ ಹುಡುಗಿ ಕಡ್ಡಿ ಎಣಿಸ್ತಾ ಇರು. ನನ್ನ ಹಿಂದೆ ಬರೋ ಬಸ್ಸಿನೋರಿಗಾದ್ರೂ ಆಗ್ಲಿ."

ಬುಧವಾರ ಮಧ್ಯಾಹ್ನ ಆಸ್ಪತ್ರೆಗೆ ಹೊರಡುವ ಮೊದಲು, ಒರೆಸುವ ಹೊತ್ತಿಗೆ ಸರಿಯಾಗಿ ಅಕ್ಕ ತೊಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹುಡುಗಿಯ ಪಕ್ಕ ನಿಂತಳು. ಹೊರಗಿನಿಂದ ಬಂದ ಸಾಹೇಬರು ಅಭ್ಯಾಸಬಲದಿಂದ ಕೋಟು ಚಾಚಿ ಕೈಬಿಟ್ಟರು. ಕೋಟು ನೆಲಕ್ಕೆ ಬಿತ್ತು.

"ಐದು" ಎಂದಳು ಅಕ್ಕ, ತಿರುಗಿಯೂ ನೋಡದೆ. "ಇನ್ನೊಂದು ಹಾಕೇ."