ಆನೆಯ ಹೊಟ್ಟೆಯಲ್ಲೊಂದು ತೂತು

"ಇಳಿಯೇ ಮುಂಡೇದೆ! ಗೋಡೆ ಹತ್ತೋಕೆ ನೀನೇನು ಕೋತಿಯೇನೇ?"

ಸೂಪರ್‌ವೈಸರ್ ಹೀಗೆ ಅರಚುವಾಗ ಗಿಲಕಿ ಗೋಡೆಯ ನೆತ್ತಿಯ ಮೇಲೆ ಕೂತು ನಗುತ್ತಿದ್ದಳು. ಯಾವಾಗಲೂ ಕಿಲಕಿಲ ನಗುತ್ತಾಳೆಂದೇ ಅವಳಿಗೆ ಆ ಹೆಸರು. ಗೋಡೆಯ ಆ ಕಡೆ ಕಾರ್ಖಾನೆಗಳು, ಹೊಗೆ, ತಗಡಿನ ಮನೆಗಳ ಸಾಲು. ಅದರಲ್ಲೊಂದು ಮನೆಯಲ್ಲಿ ಅವಳ ಅತ್ತೆಯ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸು. ಈ ಕಡೆ ಹೊಸ ಬಡಾವಣೆ. ಕೊಳ್ಳಲು ಬರುವವರ ಕಣ್ಣಿಗೆ ಆ ಕಡೆಯದೊಂದೂ ಬೀಳಬಾರದೆಂದೇ ಈ ಗೋಡೆ ಏಳುತ್ತಿತ್ತು. ಅದಕ್ಕೆ ಗಾರೆ ಹೊರುತ್ತಿದ್ದವಳು ಇದೇ ಗಿಲಕಿ. ತನಗೂ ಕೂಸಿಗೂ ನಡುವೆ ತಾನೇ ಗೋಡೆ ಎಬ್ಬಿಸಿಕೊಳ್ಳುತ್ತಿದ್ದಳು, ಪುಣ್ಯಾತಗಿತ್ತಿ!

ಮೊದಲ ವಾರ ಊಟದ ಹೊತ್ತಿಗೆ ಗೋಡೆ ದಾಟಿ ಹೋಗಿ ಹಾಲು ಕುಡಿಸಿ ಬಂದಳು. ಎರಡನೆಯ ವಾರ ಹಾರಿದಳು. ಈಗ ಹತ್ತಬೇಕು. ದೊಡ್ಡ ಗೇಟು ಸುತ್ತಿ ಹೋದರೆ ಒಂದು ತಾಸು, ಬಿಡುವು ಅರ್ಧ ತಾಸು.

"ಕಾಲು ಮುರ್ಕೊಂಡ್ರೆ ಯಾವೋನು ನೋಡ್ತಾನೆ ನಿನ್ನ?" ಎಂದ ಮುದುಕ ಮೇಸ್ತ್ರಿ.

"ನೀನೇ ನೋಡು ಮೇಸ್ತ್ರಣ್ಣ, ಕೂಸಂತೂ ನಿನ್ನ ನೋಡಿದ್ರೆ ಅಳಲ್ಲ."

ಮೇಲೆ ನಿಂತು ಕಟ್ಟಲು ಹಾಕುವ ಸಾರುವೆಯ ಕಟ್ಟಿಗೆ ಸಿಕ್ಕಿಸಲು ಗೋಡೆಯಲ್ಲಿ ತೂತು ಬಿಡುವುದು, ಸಾರುವೆ ಬಿಚ್ಚುವಾಗ ಮುಚ್ಚುವುದು ಗಾರೆಯವರ ವಾಡಿಕೆ. ಮೇಸ್ತ್ರಿ ಸೊಂಟದೆತ್ತರದಲ್ಲಿ ಒಂದು ತೂತನ್ನು ಎರಡು ಕಲ್ಲಿನಷ್ಟು ದೊಡ್ಡದಾಗಿ ಬಿಟ್ಟ. "ಇಲ್ಲಿ ದಪ್ಪ ಕಂಬ ಬರುತ್ತೆ ಸಾರ್" ಎಂದು ಸೂಪರ್‌ವೈಸರನ ಮುಖಕ್ಕೇ ಸುಳ್ಳು ಹೇಳಿದ. ಮರುದಿನದಿಂದ ಕಾರ್ಖಾನೆಯ ಮಧ್ಯಾಹ್ನದ ಸೈರನ್ ಕೂಗಿದ ಕೂಡಲೇ ಅತ್ತೆ ಕೂಸನ್ನು ಆ ತೂತಿನಲ್ಲಿ ಈಚೆ ನೂಕುವಳು. "ಹೆರಿಗೆ ಆಯ್ತು, ಹೆರಿಗೆ ಆಯ್ತು!" ಎಂದು ಕೂಲಿ ಹೆಂಗಸರು ಕೇಕೆ ಹಾಕುವರು.

ಗೋಡೆ ಮುಗಿಯಿತು. ಪೇಂಟರು ಬಂದು ಅದರ ಮೇಲೆ ಕಾಡು ಬರೆದರು, ಮರ, ಜಿಂಕೆ, ದೊಡ್ಡದೊಂದು ಹೆಣ್ಣಾನೆ. ತೂತು ಸರಿಯಾಗಿ ಆನೆಯ ಹೊಟ್ಟೆಗೇ ಬಿತ್ತು.

"ನಾಳೆ ಗಿರಾಕಿಗಳು ಬರ್ತಾರೆ, ಮುಚ್ಚೋ ಅದನ್ನ" ಎಂದ ಸೂಪರ್‌ವೈಸರ್.

"ಹಸಿ ಗಾರೆ ಮೇಲೆ ಬಣ್ಣ ನಿಲ್ಲಲ್ಲ ಸಾರ್" ಎಂದ ಮೇಸ್ತ್ರಿ.

"ಹಲಗೆಗೆ ಬಣ್ಣ ಬಳಿದು ಸಿಕ್ಸು. ಜನ ಹೋದ ತಕ್ಷಣ ಕಲ್ಲು ಹಾಕು. ಏಯ್ ಗಿಲಕಿ, ನಾಳೆ ಸಾಯಂಕಾಲದಿಂದ ಒಂದೋ ಕೂಸು, ಒಂದೋ ಕೂಲಿ. ತಿಳೀತಾ?"

ಗಿಲಕಿಗೆ ಆ ಹೊತ್ತು ನಗು ಬರಲಿಲ್ಲ.

ಮರುದಿನ ಶಾಮಿಯಾನ, ತಂಪು ಪಾನೀಯ, ಮೈಕು. ಕೂಲಿಯವರನ್ನೆಲ್ಲ ಮರಳಿನ ಗುಡ್ಡೆಯ ಹಿಂದೆ ಕೂರಿಸಿದ್ದರು. ಬಡಾವಣೆಯ ಸಾಹೇಬರು ಗೋಡೆ ತೋರಿಸಿ, "ಈ ಗೋಡೆಯಾಚೆಗೂ ಇದೇ ಹಸಿರು, ಇದೇ ಶಾಂತಿ!" ಎಂದರು.

ಸೈರನ್ ಕೂಗಿತು.

"ಅದೇನ್ರೀ?" ಎಂದು ಮುಂದಿನ ಸಾಲಿನ ರೇಷ್ಮೆ ಸೀರೆಯ ಅಜ್ಜಿ ಕೇಳಿದರು.

"ನವಿಲು ಅಮ್ಮ" ಎಂದ ಸೂಪರ್‌ವೈಸರ್.

ಕೂಸು ಕಿಟಾರನೆ ಕಿರುಚಿತು.

"ಇದು?"

"ಮರಿ... ಮರಿ ನವಿಲು."

ಹಲಗೆ ಅಲುಗಿತು, ದಬಕ್ಕೆಂದು ಬಿತ್ತು. ಆನೆಯ ಹೊಟ್ಟೆಯಿಂದ ಎರಡು ಪುಟ್ಟ ಕಾಲು, ಹಿಂದೆಯೇ ಬರಿಮೈ ಕೂಸು ಹೊರಬಂತು.

"ಅಯ್ಯೋ ರಾಮ, ಆನೆ ಹೆತ್ತೇ ಬಿಡ್ತಲ್ರೀ!" ಎಂದರು ಅಜ್ಜಿ. ಶಾಮಿಯಾನಕ್ಕೆ ಶಾಮಿಯಾನವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗಿಲಕಿ ಓಡಿ ಬಂದಳು. ರವಿಕೆ ಆಗಲೇ ಹಾಲಿನಿಂದ ತೊಯ್ದಿತ್ತು. ಕೂಸನ್ನು ಎಳೆದುಕೊಂಡು ಸೀದಾ ಹೋಗಿ ಸಾಹೇಬರ ಮೆತ್ತೆಯ ಕುರ್ಚಿಯಲ್ಲಿ ಕೂತು ಸೆರಗು ಮುಚ್ಚಿದಳು.

"ಏಳೇ ಲೌಡಿ! ಯಾರ ಕುರ್ಚಿ ಗೊತ್ತಾ ಅದು?" ಎಂದ ಸೂಪರ್‌ವೈಸರ್.

"ಕುಡೀತಾ ಇದೆ ಸಾರ್. ಕುಡಿಯೋವಾಗ ಎಬ್ಬಿಸಿದ್ರೆ ಕಚ್ಚುತ್ತೆ." ಅವಳಿಗೆ ನಗು ಉಕ್ಕಿ ಉಕ್ಕಿ ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು.

ಸಾಹೇಬರು ಮೈಕು ಆರಿಸುವುದನ್ನೂ ಮರೆತು, "ಆ ತೂತು ಮುಚ್ಸೋ ಬೋಳಿಮಗನೇ, ಈಗಲೇ!" ಎಂದು ಗುಡುಗಿದರು. ಇಡೀ ಬಡಾವಣೆಗೆ ಕೇಳಿಸಿತು. ಈಗ ಯಾರೂ ನಗಲಿಲ್ಲ. ಮೇಸ್ತ್ರಿ ಕಲ್ಲೆತ್ತಿಕೊಂಡು ಗೋಡೆಯ ಮುಂದೆ ನಿಂತ, ಆದರೆ ಅವನ ಕೈ ಮುಂದೆ ಹೋಗಲಿಲ್ಲ.

ಕೂಸು ತೇಗಿತು. ಗಿಲಕಿ ಎದ್ದು ಅದನ್ನು ಅಜ್ಜಿಯ ಮಡಿಲಿಗೆ ಹಾಕಿದಳು. "ಒಂದ್ನಿಮಿಷ ಹಿಡ್ಕೊಳ್ಳಿ ಅಮ್ಮ. ಉಚ್ಚೆ ಹೊಯ್ದರೆ ಬೇಜಾರು ಮಾಡ್ಕೋಬೇಡಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರೆ ಎತ್ತಿಕೊಂಡಳು. "ಪಕ್ಕಕ್ಕೆ ಸರಿ ಮೇಸ್ತ್ರಣ್ಣ. ತೂತು ಸಣ್ಣದಾಯ್ತು, ಅದರಲ್ಲಿ ನಮ್ಮತ್ತೆ ಹಿಡಿಸಲ್ಲ."

ಮೊದಲ ಏಟಿಗೆ ಕಲ್ಲು ಬಿರುಕು ಬಿಟ್ಟಿತು. ಎರಡನೆಯ ಏಟಿಗೆ ಕಿತ್ತು ಬಂತು. ಸೂಪರ್‌ವೈಸರ್ ಅವಳ ರಟ್ಟೆ ಹಿಡಿದು ಜಗ್ಗಿದ, ಹಾರೆ ಕೆಳಗೆ ಬಿತ್ತು.

ಆದರೂ ಏಟಿನ ಸದ್ದು ನಿಲ್ಲಲಿಲ್ಲ. ಗೋಡೆಯ ಆ ಕಡೆಯಿಂದ ತಗಡಿನ ಮನೆಯವರು ಬಡಿಯುತ್ತಿದ್ದರು.