ಮತ್ತೊಮ್ಮೆ ಎಸೆಯುವ ಲಾಂದ್ರ

ದುಂಡು ಗಾಜಿನಾಚೆ ನೊರೆ ಏರುತ್ತದೆ, ಕುಸಿಯುತ್ತದೆ, ಹೊದಿಕೆಯ ನೀಲಿ ಅಂಚು ಒಂದು ಕ್ಷಣ ಕಂಡು ಮುಳುಗುತ್ತದೆ, ಪಾಪ ಅದಕ್ಕೂ ಸುಸ್ತಾಗಿರಬೇಕು ಅನ್ನಿಸಿತು ಸೋಲ್ವೈಗ್‌ಗೆ, ಕಟ್ಟಡದ ನೆಲಮಾಳಿಗೆಯ ಈ ಒಗೆಯುವ ಕೋಣೆಯಲ್ಲಿ ಊಟದ ಹೊತ್ತಿನವರೆಗೆ ಅವಳ ಸರದಿ, ಆಮೇಲೆ ಆಟ, ಮೇಜಿನ ಸುತ್ತ ಕೂತು ದಾಳ ಎಸೆಯುತ್ತ ಕಥೆ ಕಟ್ಟುವ ಆಟ, ಆಟಕ್ಕೆ ಟೋರ್ಕೆಲ್ ಮಾವ ಬರುತ್ತಾರೆ, ಲಾಂದ್ರ ಹಿಂದಿರುಗಿಸುವುದಕ್ಕೆ. ಕೈಗೆ ಸಿಗುವ ಲಾಂದ್ರವಲ್ಲ ಅದು, ಅವಳು ನಡೆಸುವ ಆಟದ ಕಥೆಯೊಳಗಿನ ಮಾಯದ ಲಾಂದ್ರ, ರಟ್ಟಿನ ತುಂಡಿನ ಮೇಲೆ ಅವಳೇ ಬರೆದದ್ದು — ಹಿಡಿದವನ ದಾಳ ಸೋತರೆ ಮತ್ತೊಮ್ಮೆ ಎಸೆಯಬಹುದು, ಗೆಲ್ಲುವವರೆಗೂ ಎಸೆಯಬಹುದು. ಲೆಕ್ಕ ಹಾಕದೆ ಬರೆದದ್ದು, ಪ್ರೀತಿಗೆ ಬರೆದದ್ದು, ಕಳೆದ ಭಾನುವಾರ, ಲಕ್ವ ಹೊಡೆದ ಮೇಲೆ ಮೊದಲ ಸಲ ಮನೆ ಬಿಟ್ಟು ಬಂದಿದ್ದರು ಮಾವ, ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟುಕೊಂಡಿದ್ದರು, ಸೋಲಬಾರದಲ್ಲ, ಇವತ್ತಾದರೂ ಸೋಲಬಾರದಲ್ಲ. ಅವಳಿಗೆ ಈ ಆಟ ಕಲಿಸಿದವರೇ ಅವರು, ಮುಂದಿನ ಹಲ್ಲು ಬಿದ್ದಿದ್ದ ಕಾಲದಲ್ಲಿ, ದಾಳ ಹೇಳಿದ್ಮೇಲೆ ಮುಗೀತು ಪುಟ್ಟಿ, ಅತ್ರೂ ಇಲ್ಲ, ಕರೆದ್ರೂ ಇಲ್ಲ. ಅವಳು ಅತ್ತಿದ್ದಳು, ಅವರು ಏಲಕ್ಕಿ ಬನ್ನು ಮುರಿದುಕೊಟ್ಟಿದ್ದರು, ದಾಳವನ್ನು ಮಾತ್ರ ಬದಲಿಸಿರಲಿಲ್ಲ.

ಮಷೀನು ನಡುಗುತ್ತದೆ, ಅದರ ನೆತ್ತಿಯ ಮೇಲೆ ಇಪ್ಪತ್ತು ಮುಖದ ದಾಳವೂ ನಡುಗುತ್ತದೆ, ಈ ವಾರವೆಲ್ಲ ತೂಗುತ್ತಲೇ ಇದ್ದಾಳೆ, ಲಾಂದ್ರದ ಬಲ ಎಷ್ಟು ಕಡಿಮೆ ಮಾಡಲಿ, ಎಲ್ಲಿ ಕತ್ತರಿಸಲಿ, ಮಾವನಿಗೆ ನೋವಾಗದ ಹಾಗೆ. ಆ ದಿನ ಅವಳು ತಿಂಗಳುಗಟ್ಟಲೆ ಕಟ್ಟಿದ ಗುಹೆಯ ರಾಕ್ಷಸ ಲಾಂದ್ರದ ಎಸೆತಕ್ಕೆ ಎದ್ದು ನಿಲ್ಲುವ ಮೊದಲೇ ಸತ್ತುಬಿದ್ದಾಗ ರಾಸ್ಮುಸ್, ಅವಳ ಆಫೀಸಿನವನು, ದಾಳಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡ, ಇನ್ಮೇಲೆ ನಾವ್ಯಾಕೆ ಇವನ್ನ ಹೊತ್ಕೊಂಡ್ ಬರೋದು, ಟೋರ್ಕೆಲ್ ಅವ್ರ ಲಾಂದ್ರ ಇದೆಯಲ್ಲ, ನಾವು ಬನ್ ತಿಂದ್ಕೊಂಡು ಚಪ್ಪಾಳೆ ತಟ್ತೀವಿ. ಮಾವ ನಕ್ಕರು, ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಮೆಟ್ಟಿಲಲ್ಲಿ ಅವರ ಮಗಳು ಯಿಲ್ವ ಸೋಲ್ವೈಗ್‌ಳ ತೋಳು ಹಿಡಿದಳು, ಲೇ, ಅಪ್ಪಂಗೆ ಕೈ ಹೋಗಿದೆ ಕಣೇ, ತಲೆ ಹೋಗಿಲ್ಲ, ನೀನು ಅಯ್ಯೋ ಪಾಪ ಅಂದಿದ್ದು ಅವ್ರಿಗೆ ಕೇಳಿಸ್ತು. ಕೋಟಿನ ಗುಂಡಿ ಹಾಕಿಸಿಕೊಳ್ಳುತ್ತ ಮಾವ ಅಂದರು, ಬರೋ ಭಾನುವಾರ ನಿನ್ನ ಲಾಂದ್ರ ನಿಂಗೇ ಕೊಟ್ಟುಬಿಡ್ತೀನಮ್ಮ, ಆಮೇಲೆ ನೀವು ನೀವೇ ಆಡ್ಕೊಳ್ಳಿ.

ಬೆಲೆ ಇಡಬೇಕು, ಬೆಲೆಯಿಲ್ಲದ ಮಾಯೆ ಹಗುರ, ಅಜ್ಜಿಯ ಕಥೆಗಳಲ್ಲಿ ಬೆಟ್ಟದೊಳಗಿನ ಜನ ಪುಕ್ಕಟೆ ಏನನ್ನೂ ಕೊಡುತ್ತಿರಲಿಲ್ಲ, ಬಾಚಣಿಗೆ ಕೊಟ್ಟರೆ ಕೂದಲಿನ ಬಣ್ಣ ಕೇಳುತ್ತಿದ್ದರು, ತೊಟ್ಟಿಲು ಕೊಟ್ಟರೆ ಜೋಗುಳ. ಹಾಗಾದರೆ ಲಾಂದ್ರ ಏನು ಕೇಳಲಿ, ದಿನಕ್ಕೊಂದೇ ಸಲ ಉರಿಯಲಿ — ಬೇಡ, ಅದು ಮಾತ್ರೆಯ ಹಾಗಾಯಿತು, ಉರಿದಾಗಲೆಲ್ಲ ಕತ್ತಲಿನ ಪ್ರಾಣಿಗಳಿಗೆ ಸುಳಿವು ಕೊಡಲಿ, ರಾಸ್ಮುಸ್ ಒಪ್ಪುತ್ತಾನೆ, ಎರಡನೆಯ ಎಸೆತ ಮೊದಲಿನದಕ್ಕಿಂತ ಕೀಳಾದರೂ ಅದೇ ಉಳಿಯಲಿ, ಹೂಂ, ಇದು ಪರವಾಗಿಲ್ಲ, ಎಸೆದೇ ನೋಡೋಣ. ಎಸೆದಳು, ಸೋತಿತು, ಮತ್ತೊಮ್ಮೆ, ಸೋತಿತು, ಮೊದಲ ಸುತ್ತಿನ ಒದ್ದೆ ಹೊದಿಕೆ ಹಿಂಡಿದ ಬೆರಳುಗಳು ಜೋಮು ಹಿಡಿದಿವೆ, ದಾಳ ಅಂಗೈಗೇ ಅಂಟಿಕೊಳ್ಳುತ್ತದೆ, ಮತ್ತೊಮ್ಮೆ, ಥೂ, ಎಷ್ಟು ಸಲ ಅಂತ ಎಸೆಯೋದು — ಎಸೆಯೋದು. ಎಸೆಯುವುದು ಯಾರು. ಆ ದಿನ ಮಾವನ ಮುಷ್ಟಿಯೊಳಗೆ ದಾಳ, ಮುಷ್ಟಿ ಬಿಚ್ಚುತ್ತಿಲ್ಲ, ಎಲ್ಲರೂ ಬನ್ನಿನ ತಟ್ಟೆ ನೋಡುತ್ತಿದ್ದಾರೆ, ಎಡಗೈ ಬಂದು ಒಂದೊಂದೇ ಬೆರಳನ್ನು ಎತ್ತುತ್ತದೆ, ದಾಳ ಉರುಳುತ್ತದೆ, ಸೋಲುತ್ತದೆ, ಆಗ ಸಂಭ್ರಮದಿಂದ ಕೂಗಿದವಳು ತಾನೇ, ಲಾಂದ್ರ ಇದೆಯಲ್ಲ ಮಾವ, ಇನ್ನೊಂದ್ಸಲ ಎಸೀರಿ! ಮತ್ತೆ ಆ ಮುಷ್ಟಿ. ಗೆದ್ದಾಗ ಅವರ ಹಣೆಯ ಮೇಲೆ ಬೆವರಿತ್ತು, ಅದನ್ನು ಸಂತೋಷವೆಂದುಕೊಂಡಿದ್ದಳು. ಬೆಲೆ ಹುಡುಕುತ್ತ ಕೂತಿದ್ದಾಳೆ, ವಾರವೆಲ್ಲ, ಆ ಮುಷ್ಟಿ ಆಗಲೇ ತೆತ್ತ ಬೆಲೆ. ತನ್ನ ಬಳಿಯಿದ್ದ ನಕಲಿನ ರಟ್ಟಿನ ಮೇಲೆ 'ಮತ್ತೊಮ್ಮೆ' ಎಂಬುದನ್ನು ಹೊಡೆದುಹಾಕಿದಳು, ಆ ಜಾಗದಲ್ಲಿ ಏನು ಬರೆಯಲಿ, ಪೆನ್ನು ಅಲ್ಲೇ ನಿಂತಿದೆ, ಮಷೀನೂ ನಿಂತಿದೆ, ಕಣ್ಣ ಮುಂದೆ ಮಾವನ ಮುಷ್ಟಿ, ಎಡಗೈಯ ಹೆಬ್ಬೆರಳು ಕಿರುಬೆರಳಿನ ಕೆಳಗೆ ನುಸುಳಿ ಎತ್ತುತ್ತಿದೆ, ಎತ್ತುತ್ತಿದೆ, ಕಿರುಬೆರಳು ಮತ್ತೆ ಮಡಚಿಕೊಳ್ಳುತ್ತಿದೆ…