ಚಿಂಕೋಲನ ಆತುರ

ಬೇಲಿ ಕಂಡೊಡನೆ ಕುದುರೆ ಮುನ್ನುಗ್ಗಿದರೆ ಅದಕ್ಕೆ ಹುರುಪು ಜಾಸ್ತಿ ಎನ್ನುತ್ತಾರೆ ನಮ್ಮ ಸವಾರಿ ಕ್ಲಬ್ಬಿನ ಗಂಡಸರು. ಮೂವತ್ತೊಂದು ವರ್ಷದಿಂದ ಕುದುರೆ ಪಳಗಿಸುತ್ತಿದ್ದೇನೆ, ಈ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಅದು ಹುರುಪಲ್ಲ, ಭಯ. ಹೇಗಾದರೂ ಹಾರಿ ಮುಗಿಸಿಬಿಟ್ಟರೆ ಸಾಕು ಎಂಬ ಭಯ.

ಚಿಂಕೋಲ ಎಂಬ ಕುದುರೆಗೆ ಆ ಭಯ ಹತ್ತಿಸಿದವರು ಯಾರೋ ಗೊತ್ತಿಲ್ಲ. ಸಾಂತಿಯಾಗೊದ ರೇಸಿನಿಂದ ನಮ್ಮ ಕಿಯೋತಾ ಊರಿಗೆ ಬರುವಷ್ಟರಲ್ಲಿ ಅದು ಇಬ್ಬರನ್ನು ಬೀಳಿಸಿತ್ತು. ಒಬ್ಬನ ಹೆಗಲ ಮೂಳೆ ಮುರಿದಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ನಮ್ಮ ಯಜಮಾನರು ದೋನ್ ಎವರಿಸ್ತೊ ಮಾರ್ಚಿನಲ್ಲಿ ಅದರ ಹಗ್ಗವನ್ನು ನನ್ನ ಕೈಗಿತ್ತರು.

“ನೋಡು ಒದೀಲಿಯಾ, ನವೆಂಬರಿನ ಬೇಲಿ ಹಾರೋ ಪಂದ್ಯದಲ್ಲಿ ನನ್ನ ಮಗಳು ಇದರ ಮೇಲೆ ಕೂತು ಪೂರ್ತಿ ಸುತ್ತು ಮುಗಿಸ್ಬೇಕು. ಆಗ್ಲಿಲ್ವಾ, ಮಾರನೇ ದಿನ ಕಸಾಯಿಖಾನೆ ಲಾರಿ. ಹೆಸರು ಕೆಟ್ಟ ಕುದುರೇನ ಬೇರೆ ಯಾರು ತಗೋತಾರೆ?”

“ಮಗಳು ಬಿದ್ದು ಕುತ್ತಿಗೆ ಮುರ್ಕೊಂಡ್ರೆ ಏನು ಅಂತ ಹೇಳ್ಲಿಲ್ವಲ್ಲ, ದೋನ್?”

“ಅದಕ್ಕೇ ಅಲ್ವೇನಮ್ಮಾ ನಿನ್ನ ಇಟ್ಕೊಂಡಿರೋದು?”

ಎರಡು ತಿಂಗಳು ನಾನು ಬೇಲಿಯ ಸುದ್ದಿಗೇ ಹೋಗಲಿಲ್ಲ. ನೆಲದ ಮೇಲೆ ಕಂಬಗಳನ್ನು ಹಾಸಿ ಕುಕ್ಕುಲೋಟದಲ್ಲಿ ದಾಟಿಸಿದೆ. ಆತುರಪಟ್ಟರೆ ಬೈಯದೆ ಪಕ್ಕಕ್ಕೆ ತಿರುಗಿಸಿ ಒಂದು ಸುತ್ತು ಹಾಕಿಸಿದೆ, ಆಮೇಲೆ ಮತ್ತೆ ಕಂಬ. ದೋನ್ ಮಗಳು ಮೈತೇನಾಗೆ ಹೇಳಿದ್ದು ಒಂದೇ. “ಲಗಾಮು ಎಳೀಬೇಡ ಕಣೇ. ಎಳೆದಷ್ಟೂ ಓಡುತ್ತೆ. ಅದರ ಹತ್ರ ಮಾತಾಡು.”

ಮೈತೇನಾಗೆ ಇಪ್ಪತ್ತಮೂರು ವರ್ಷ, ಕೂರುವ ಭಂಗಿ ನೋಡಲು ಎರಡು ಕಣ್ಣು ಸಾಲದು. ಆದರೆ ಹೆದರಿದರೆ ಬಾಯಿ ಕಟ್ಟಿಹೋಗುತ್ತದೆ. ಊಟದ ಮೇಜಿನಲ್ಲಿ ಅಪ್ಪನ ಎದುರಿಗೂ ಅದೇ ಕಥೆ. ಹಾಗಾಗಿ ಅವಳ ಪಾಲಿನ ಮಾತನ್ನೂ ನಾನೇ ಆಡಿದೆ. ಅಖಾಡದ ನಡುವೆ ನಿಂತು, “ನಿಧಾನ ಕಣಪ್ಪಾ, ನಿಧಾನ. ಬೇಲಿ ಎಲ್ಲೂ ಓಡ್ಹೋಗಲ್ಲ” ಎನ್ನುತ್ತಿದ್ದೆ. ಚಿಂಕೋಲನ ಒಂದು ಕಿವಿ ನನ್ನತ್ತ ತಿರುಗುತ್ತಿತ್ತು, ಕತ್ತು ಸಡಿಲವಾಗುತ್ತಿತ್ತು. ಅಕ್ಟೋಬರಿಗೆಲ್ಲ ಮೀಟರೆತ್ತರದ ಬೇಲಿಗಳನ್ನು ಮನೆಯ ಹೊಸ್ತಿಲು ದಾಟಿದಂತೆ ದಾಟತೊಡಗಿತು. ಬ್ರೆಡ್ಡಿಗೆ ಬೆಣ್ಣೆಹಣ್ಣು ಮೆತ್ತಿ ತಿನ್ನುತ್ತ, ಕುದುರೆ ಪಳಗಿತು ಎಂದು ಲಾಯದಲ್ಲಿ ಎಲ್ಲರೆದುರು ಜಂಬ ಕೊಚ್ಚಿಕೊಂಡೆ.

ಪಳಗಿದ್ದು ನನ್ನ ದನಿಗೆ. ಬೆನ್ನ ಮೇಲೆ ಕೂತವಳಿಗಲ್ಲ. ಪಂದ್ಯದಲ್ಲಿ ಸವಾರ ತನ್ನ ಕುದುರೆಯೊಂದಿಗೆ ಎಷ್ಟಾದರೂ ಮಾತಾಡಬಹುದು, ಹೊರಗಿನವರು ಒಂದು ಮಾತು ಹೇಳಿದರೂ ಸವಾರ ಪಂದ್ಯದಿಂದ ಹೊರಗೆ. ನನಗೆ ಗೊತ್ತಿಲ್ಲದ ನಿಯಮವಲ್ಲ. ಆದರೂ ಎಂಟು ತಿಂಗಳು ಅದು ಹೊಳೆಯಲಿಲ್ಲ. ನನ್ನ ಬುದ್ಧಿಗಿಷ್ಟು!

ಹೊಳೆದದ್ದು ಪಂದ್ಯದ ಭಾನುವಾರ, ಅಖಾಡದ ಬಾಗಿಲಲ್ಲಿ. ಮೈತೇನಾಳ ಕಾಲು ಹಿಡಿದು, “ನೀನೇ ಮಾತಾಡ್ಬೇಕು ಮಗಳೇ. ಏನಾದ್ರೂ ಸರಿ, ಅಡುಗೆ ವಿಷಯನಾದ್ರೂ ಹೇಳು,” ಎಂದೆ. ಅವಳು ತಲೆಯಾಡಿಸಿದಳು. ತುಟಿ ಆಗಲೇ ಬಿಳಿಚಿತ್ತು.

ಮೊದಲ ಮೂರು ಬೇಲಿ ಚೆನ್ನಾಗಿ ಹಾರಿತು. ನಾಲ್ಕನೆಯದಕ್ಕೆ ಚಿಂಕೋಲನ ಕತ್ತು ಮೇಲೆದ್ದಿತು, ಕಿವಿ ಅತ್ತಿತ್ತ ಆಡಿತು. ನನ್ನ ದನಿ ಹುಡುಕುತ್ತಿದೆ ಎಂದು ನನಗೆ ತಿಳಿಯಿತು, ಬೇರೆ ಯಾರಿಗೂ ತಿಳಿಯಲಿಲ್ಲ. ಮೈತೇನಾ ಲಗಾಮು ಎಳೆದಳು. ಅದು ನುಗ್ಗಿತು. ಐದನೆಯ ಬೇಲಿಯ ಕಂಬ ಉರುಳಿತು. ಆರನೆಯದಕ್ಕೆ ತೀರಾ ದೂರದಿಂದಲೇ ನೆಗೆದು, ಗೊರಸು ತಾಗಿ, ಮೊಣಕಾಲೂರಿ ಹೇಗೋ ಎದ್ದಿತು. ನಾನು ಕಟಕಟೆ ಹಿಡಿದು ತುಟಿ ಕಚ್ಚಿಕೊಂಡು ನಿಂತಿದ್ದೆ. ಮುಂದಿನದು ಜೋಡಿ ಬೇಲಿ. ಆ ವೇಗದಲ್ಲಿ ಹೋದರೆ ಎರಡನೆಯದರ ಮೇಲೆ ಕುದುರೆ, ಕುದುರೆಯ ಕೆಳಗೆ ಹುಡುಗಿ.

ಕೂಗಿಬಿಟ್ಟೆ. “ನಿಧಾನ ಕಣಪ್ಪಾ!”

ಕಿವಿ ತಿರುಗಿತು. ಕತ್ತು ಇಳಿಯಿತು. ಚಿಂಕೋಲ ಜೋಡಿ ಬೇಲಿಯನ್ನು ಎಷ್ಟು ಚಂದವಾಗಿ ಹಾರಿತೆಂದರೆ ಯಾರೋ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆಯೇ, ಮೈತೇನಾ ಪಂದ್ಯದಿಂದ ಹೊರಗೆ ಎಂದು ತೀರ್ಪುಗಾರರು ಗಂಟೆ ಬಾರಿಸಿದರು.

ಮೈತೇನಾ ಇಳಿದು ನನ್ನ ಹೆಗಲಿಗೊರಗಿ ಅತ್ತಳು. ನಾನು ದೋನ್ ಹಿಂದೆ ಓಡಿದೆ.

“ನೀವೇ ನೋಡಿದ್ರಲ್ಲ, ಕುದುರೆ ನಿಧಾನ ಆಯ್ತು!”

“ನೀನು ಕೂಗಿದ್ರೆ ಮಾತ್ರ ನಿಧಾನ ಆಗೋ ಕುದುರೆ ಕಟ್ಕೊಂಡು ನಾನೇನು ಮಾಡ್ಲಿ?”

“ಹಾಗಾದ್ರೆ ನನಗೆ ಕೊಡಿ.”

“ಎಲ್ಲಿ ಕಟ್ತೀಯಮ್ಮಾ? ನಿನ್ನ ಬಾಡಿಗೆ ಮನೆ ಅಡುಗೆಕೋಣೇಲಾ?”

ಸಂಜೆಯವರೆಗೆ ನಾಲ್ಕು ಲಾಯಗಳಿಗೆ ಫೋನು ಮಾಡಿದೆ. ಚಿಂಕೋಲನ ಹೆಸರು ಹೇಳಿದರೆ ನಗುತ್ತಿದ್ದರು.

ಸೋಮವಾರ ಬೆಳಿಗ್ಗೆ ಲಾರಿ ಬಂತು. ಹತ್ತುವ ಹಲಗೆ ಕಂಡು ಚಿಂಕೋಲ ಬೆದರಿ ಹಿಂದೆ ಸರಿಯಿತು. ಲಾರಿಯವರಲ್ಲಿ ಒಬ್ಬ ಹಿಂಗಾಲಿಗೆ ಹಗ್ಗ ಸುತ್ತಲು ಹೋದ, ಇನ್ನೊಬ್ಬ ದೊಣ್ಣೆ ಎತ್ತಿದ.

“ಹೊಡೀಬೇಡಿ!” ಎಂದೆ.

“ಹಾಗಾದ್ರೆ ನೀನೇ ಹತ್ಸಮ್ಮಾ ತಾಯಿ. ನಮಗಿನ್ನೂ ಮೂರೂರು ತಿರುಗೋದಿದೆ.”

ಹಗ್ಗ ತೆಗೆದುಕೊಂಡು ನಾನೇ ಮುಂದಾಗಿ ಹಲಗೆ ಏರಿದೆ. “ನಿಧಾನ ಕಣಪ್ಪಾ, ನಿಧಾನ” ಎಂದೆ. ಚಿಂಕೋಲ ಕತ್ತು ಇಳಿಸಿ, ಒಂದೊಂದೇ ಹೆಜ್ಜೆ ಇಡುತ್ತ, ಒಂದಿಷ್ಟೂ ಆತುರವಿಲ್ಲದೆ ನನ್ನ ಹಿಂದೆ ಹತ್ತಿ ಬಂತು.